ಮಿಸುಕಾಡುವ ಎದೆಗೂಡು

ಪ್ರಾಥಮಿಕ ಆರೋಗ್ಯ ಕೇಂದ್ರದ ಬೆಂಚಿನ ಮೇಲೆ ತಾಯಿಯೊಬ್ಬಳು ಏಳೆಂಟು ತಿಂಗಳ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದಾಳೆ. ಎರಡು ದಿನದಿಂದ ಕೆಮ್ಮು, ಮೈ ಸುಡುವ ಜ್ವರ, ಹಾಲು ಕುಡಿಯಲೂ ಒಲ್ಲದು. ನರ್ಸಮ್ಮ ಕಿವಿಗೆ ಸ್ಟೆತಸ್ಕೋಪ್ ಹಾಕಿಕೊಳ್ಳುವ ಮೊದಲು 'ಅಂಗಿ ಸ್ವಲ್ಪ ಮೇಲೆತ್ತವ್ವ' ಎನ್ನುತ್ತಾರೆ. ಕೈಗಡಿಯಾರದ ಮೇಲೊಂದು ಕಣ್ಣು, ಕೂಸಿನ ಹೊಟ್ಟೆಯ ಮೇಲೊಂದು ಕಣ್ಣಿಟ್ಟು ಪೂರ್ತಿ ಒಂದು ನಿಮಿಷ ಉಸಿರು ಎಣಿಸುತ್ತಾರೆ. ಎಣಿಕೆ ಮುಗಿದ ಮೇಲೂ ಅವರ ನೋಟ ಪಕ್ಕೆಯ ಕೆಳಗಡೆಯೇ ನೆಟ್ಟಿರುತ್ತದೆ. ಕೂಸು ಉಸಿರು ಒಳಗೆಳೆದುಕೊಂಡಾಗ ಅಲ್ಲಿನ ಎಲುಬು ಹೊರಕ್ಕೆ ಉಬ್ಬುತ್ತಿದೆಯೋ, ಒಳಕ್ಕೆ ಕುಸಿಯುತ್ತಿದೆಯೋ? ಕುಸಿಯುತ್ತಿದ್ದರೆ ಅದು ಬರೀ ನೆಗಡಿಯಲ್ಲ, ನ್ಯುಮೋನಿಯಾ ಇರಬಹುದು. ತಡಮಾಡುವಂತಿಲ್ಲ.

ಎಕ್ಸ್‌ರೇ ಯಂತ್ರವಿಲ್ಲದ ಊರಿನಲ್ಲೂ ಮಾಡಬಹುದಾದ ಈ ಪರೀಕ್ಷೆ ನಿಂತಿರುವುದು ಒಂದೇ ಸಂಗತಿಯ ಮೇಲೆ: ಎದೆಗೂಡು ಅಲುಗಾಡುತ್ತದೆ. ನಮ್ಮ ಮನಸ್ಸಿನಲ್ಲಿರುವ ಎದೆಗೂಡು ಮಾತ್ರ ಶಾಲೆಯ ಪ್ರಯೋಗಾಲಯದಲ್ಲಿ ತೂಗುಹಾಕಿದ ಅಸ್ಥಿಪಂಜರದ್ದು. ಗಟ್ಟಿ, ನಿಶ್ಚಲ, ಹೃದಯ ಮತ್ತು ಶ್ವಾಸಕೋಶಗಳಿಗೆ ಕಾವಲು. ಕಾವಲು ಹೌದು, ಆದರೆ ಅದು ಅರ್ಧ ಕಥೆ. ಆರೋಗ್ಯವಂತ ವಯಸ್ಕರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ದಿನಕ್ಕೆ ಲೆಕ್ಕ ಹಾಕಿದರೆ ಇಪ್ಪತ್ತು ಸಾವಿರದ ಆಸುಪಾಸು. ಅಷ್ಟೂ ಸಲ ಪಕ್ಕೆಲುಬುಗಳು ಏಳಬೇಕು, ಇಳಿಯಬೇಕು. ನಿದ್ದೆಯಲ್ಲೂ ಅವಕ್ಕೆ ರಜೆಯಿಲ್ಲ. ಈ ಚಲನೆಯನ್ನು ಅರ್ಥ ಮಾಡಿಕೊಂಡರೆ ಪಕ್ಕೆನೋವು, ಸರ್ಪಸುತ್ತು, ಮುರಿದ ಪಕ್ಕೆಲುಬು, ಅಜ್ಜಿಯ ಬಾಗಿದ ಬೆನ್ನು ಎಲ್ಲವೂ ಬೇರೆಯೇ ಬೆಳಕಿನಲ್ಲಿ ಕಾಣುತ್ತವೆ.

ಎಣಿಸಿದರೆ ಇಪ್ಪತ್ನಾಲ್ಕು

ಪಕ್ಕೆಲುಬು ಎಡಕ್ಕೆ 12, ಬಲಕ್ಕೆ 12. ಹಿಂದುಗಡೆ ಅವು ಬಂದು ಸೇರುವ ಕಶೇರುಮಣಿಗಳೂ 12. ಬೆನ್ನುಮೂಳೆಯ ಕುತ್ತಿಗೆ ಭಾಗದಲ್ಲಿ 7 ಮಣಿ, ಸೊಂಟದಲ್ಲಿ 5. ನಡುವಿನ ಈ 12 ಎದೆಯ ಪಾಲಿನವು. ವೈದ್ಯರು ಇವನ್ನು ಟಿ1ರಿಂದ ಟಿ12ರವರೆಗೆ ಗುರುತಿಸುತ್ತಾರೆ. ಆಸ್ಪತ್ರೆಯ ಸ್ಕ್ಯಾನ್ ವರದಿಯಲ್ಲಿ 'ಡಿ8' ಎಂದಿದ್ದರೂ ಗಾಬರಿ ಬೇಡ, ಅದು ಇದೇ ಎಂಟನೆಯ ಮಣಿಗಿರುವ ಇನ್ನೊಂದು ಹೆಸರು.

ಮೇಲಿನ ಏಳು ಜೊತೆ ಪಕ್ಕೆಲುಬುಗಳು ಮುಂದುಗಡೆ ತಮ್ಮತಮ್ಮ ಮೃದ್ವಸ್ಥಿಯ ಮೂಲಕ ನೇರವಾಗಿ ಎದೆಮೂಳೆಗೆ ಸೇರುತ್ತವೆ. ಎಂಟು, ಒಂಬತ್ತು, ಹತ್ತನೆಯವು ಅಷ್ಟು ದೂರ ಬರುವುದಿಲ್ಲ. ತಮ್ಮ ಮೇಲಿನದರ ಮೃದ್ವಸ್ಥಿಗೆ ಅಂಟಿಕೊಂಡುಬಿಡುತ್ತವೆ. ಹೊಟ್ಟೆಯ ಮೇಲ್ಭಾಗದಲ್ಲಿ ಎರಡೂ ಕಡೆ ಕೈಗೆ ಸಿಗುವ ಬಾಗಿದ ಅಂಚು ಹೀಗೆ ಆದದ್ದು. ಹನ್ನೊಂದು, ಹನ್ನೆರಡನೆಯವು ಮುಂದೆ ಯಾವುದಕ್ಕೂ ತಾಗದೆ ಹೊಟ್ಟೆಯ ಸ್ನಾಯುವಿನೊಳಗೇ ಮುಗಿಯುತ್ತವೆ. ಮೂತ್ರಪಿಂಡಗಳ ಮೇಲ್ಭಾಗ ಇವುಗಳ ಆಸರೆಯಲ್ಲಿದೆ.

ಗಂಡಸರಿಗೆ ಒಂದು ಪಕ್ಕೆಲುಬು ಕಡಿಮೆ ಎಂಬ ನಂಬಿಕೆ ಯುರೋಪಿನಲ್ಲಿ ಬಹುಕಾಲ ಇತ್ತು. ಆದಾಮನ ಪಕ್ಕೆಲುಬಿನಿಂದ ಹವ್ವಳನ್ನು ಸೃಷ್ಟಿಸಿದ ಬೈಬಲ್ ಕಥೆಯೇ ಅದಕ್ಕೆ ಮೂಲ. ಹೆಣ ಕೊಯ್ದು, ಕಣ್ಣಾರೆ ಕಂಡದ್ದನ್ನು ಬರೆದ ಆಂಡ್ರಿಯಾಸ್ ವೆಸೇಲಿಯಸ್ 1543ರ ತನ್ನ ಮಹಾಗ್ರಂಥದಲ್ಲಿ ಗಂಡಿಗೂ ಹೆಣ್ಣಿಗೂ ಪಕ್ಕೆಲುಬಿನ ಸಂಖ್ಯೆ ಒಂದೇ ಎಂದು ಸ್ಪಷ್ಟವಾಗಿ ಹೇಳಿದ.

ನಮ್ಮಲ್ಲಿ ಚರಕ ಸಂಹಿತೆ ಇನ್ನೂ ಸ್ವಾರಸ್ಯಕರವಾದ ಲೆಕ್ಕ ಕೊಡುತ್ತದೆ. ಮೈಯಲ್ಲಿ 360 ಎಲುಬು ಎನ್ನುವ ಅದರ ಪಟ್ಟಿ ಇಂದಿನ 206ರ ಲೆಕ್ಕಕ್ಕೆ ಹೊಂದುವುದಿಲ್ಲ. ಆದರೆ ಪಕ್ಕೆಯ ವಿಷಯಕ್ಕೆ ಬಂದಾಗ 24 ಪಕ್ಕೆಲುಬು, ಅವು ಕೂರುವ 24 ಗುಳಿ, ಗುಳಿಗೆ ತಕ್ಕ 24 ಗುಬುಟು ಎಂದು ಬಿಡಿಸಿ ಎಣಿಸುತ್ತದೆ. ಸುಶ್ರುತ ಸಂಹಿತೆ ಒಂದೊಂದು ಪಕ್ಕೆಗೆ 36 ಎಂದು ಒಟ್ಟು 72 ಎನ್ನುವುದೂ ಇದೇ ಕ್ರಮದಿಂದ. ಪ್ರಾಚೀನ ಭಾರತದ ಅಸ್ಥಿಶಾಸ್ತ್ರದ ಬಗ್ಗೆ 1907ರಲ್ಲಿ ಪುಸ್ತಕ ಬರೆದ ರುಡಾಲ್ಫ್ ಹೋರ್ನ್ಲೆ ಈ ಲೆಕ್ಕದ ಹಿಂದಿನ ತರ್ಕವನ್ನು ಬಿಡಿಸಿಟ್ಟರು. ಸಂಖ್ಯೆ ಹೆಚ್ಚೋ ಕಡಿಮೆಯೋ, ನನಗೆ ಮುಖ್ಯವೆನಿಸುವುದು ಆ ಗುಳಿ ಮತ್ತು ಗುಬುಟು. ಪಕ್ಕೆಲುಬನ್ನು ಬೆನ್ನಿನಿಂದ ಬಿಡಿಸಿ, ಕೈಯಲ್ಲಿ ತಿರುಗಿಸಿ ನೋಡಿದವರಿಗೆ ಮಾತ್ರ ಅವು ಕಾಣುತ್ತವೆ.

ಬೆನ್ನಿನ ಕಡೆಯ ಎರಡು ಕೀಲು

ಪಕ್ಕೆಲುಬಿನ ಹಿಂತುದಿಯನ್ನು ಹತ್ತಿರದಿಂದ ನೋಡೋಣ. ಅದರ ಕೊನೆಯಲ್ಲೊಂದು ಸಣ್ಣ ತಲೆ, ಆಮೇಲೆ ಸಪೂರ ಕತ್ತು, ಕತ್ತು ಮುಗಿಯುವಲ್ಲಿ ಒಂದು ಗುಬುಟು. ತಲೆ ಹೋಗಿ ಕೂರುವುದು ಒಂದೇ ಮಣಿಯ ಮೇಲಲ್ಲ. ಆರನೆಯ ಪಕ್ಕೆಲುಬನ್ನು ತೆಗೆದುಕೊಂಡರೆ, ಅದರ ತಲೆ ಆರನೆಯ ಮಣಿಯ ಮೇಲಂಚು, ಐದನೆಯ ಮಣಿಯ ಕೆಳಅಂಚು, ಇವೆರಡರ ನಡುವಿನ ಡಿಸ್ಕ್ ಮೂರನ್ನೂ ಮುಟ್ಟಿಕೊಂಡು ಕೂರುತ್ತದೆ. ಗುಬುಟು ಆರನೆಯ ಮಣಿಯ ಪಕ್ಕಕ್ಕೆ ಚಾಚಿದ ಕೊಂಬಿಗೆ ಒರಗುತ್ತದೆ. ಹೀಗೆ ಒಂದು ಪಕ್ಕೆಲುಬಿಗೆ ಬೆನ್ನಿನ ಕಡೆಯೇ ಎರಡು ಕೀಲು. ಹೆಚ್ಚಿನ ಪಕ್ಕೆಲುಬುಗಳದ್ದು ಇದೇ ವ್ಯವಸ್ಥೆ. ಮೊದಲನೆಯದು ಮತ್ತು ಕೊನೆಯ ಎರಡು ಮಾತ್ರ ಒಂದೊಂದೇ ಮಣಿಗೆ ಸೇರುತ್ತವೆ. ಕೊನೆಯ ಎರಡಕ್ಕೆ ಗುಬುಟಿನ ಕೀಲೂ ಇಲ್ಲ.

ಮಣಿಗಳೂ ಇದಕ್ಕೆ ತಕ್ಕಂತೆ ರೂಪುಗೊಂಡಿವೆ. ಎದೆಯ ಭಾಗದ ಮಣಿಯನ್ನು ಮೇಲಿನಿಂದ ನೋಡಿದರೆ ಮುಂಭಾಗ ಹೃದಯಾಕಾರ. ಅದರ ಹಿಂದೆ ಬೆನ್ನುಹುರಿ ಹಾದುಹೋಗುವ ದುಂಡು ತೂತು ಕುತ್ತಿಗೆ, ಸೊಂಟದ ಮಣಿಗಳಲ್ಲಿರುವುದಕ್ಕಿಂತ ಚಿಕ್ಕದು. ಈ ಇಕ್ಕಟ್ಟು ಮುಂದೆ ನಮಗೆ ಮತ್ತೆ ಎದುರಾಗುತ್ತದೆ. ಬೆನ್ನ ಮೇಲೆ ಬೆರಳಾಡಿಸಿದಾಗ ಸಿಗುವ ಗಂಟುಗಳು ಮಣಿಯ ಹಿಂಬದಿಯ ಮುಳ್ಳಿನ ತುದಿಗಳು. ನಡುಬೆನ್ನಿನಲ್ಲಿ ಈ ಮುಳ್ಳುಗಳು ಎಷ್ಟು ಉದ್ದವೆಂದರೆ ಕೆಳಮುಖವಾಗಿ ಇಳಿದು ತಮ್ಮ ಕೆಳಗಿನ ಮಣಿಯ ಹಿಂಭಾಗವನ್ನೂ ಮುಚ್ಚುತ್ತವೆ.

ಸೊಂಟದ ಡಿಸ್ಕ್ ಜಾರಿತೆಂದು ಹೇಳುವವರು ಮನೆಗೊಬ್ಬರಾದರೂ ಇದ್ದಾರೆ, ಎದೆಯ ಭಾಗದ ಡಿಸ್ಕ್ ಜಾರಿದ್ದು ಕೇಳುವುದು ಬಹಳ ಅಪರೂಪ. ಪಕ್ಕೆಲುಬುಗಳು ಎರಡೂ ಕಡೆಯಿಂದ ಹಿಡಿದಿರುವುದೇ ಅದಕ್ಕೆ ದೊಡ್ಡ ಕಾರಣ. ಈ ಭಾಗ ಹಿಂದೆ ಮುಂದೆ ಬಗ್ಗುವುದು ಕಡಿಮೆ. ಆದರೆ ಎಡಬಲಕ್ಕೆ ತಿರುಗುವ ಕೆಲಸದಲ್ಲಿ ಇದರದೇ ಮೇಲುಗೈ. ಬೈಕಿನ ಮೇಲೆ ಕೂತು ಹಿಂದಿರುಗಿ ನೋಡುವಾಗ ತಿರುಗುವುದು ಸೊಂಟವಲ್ಲ. ಕುತ್ತಿಗೆ ಮತ್ತು ಈ ಹನ್ನೆರಡು ಮಣಿಗಳು.

ಕೈಪಂಪು ಮತ್ತು ಬಕೆಟ್ಟು

ಪಕ್ಕೆಲುಬು ಹಿಂದಿನಿಂದ ಮುಂದಕ್ಕೆ ಸಮತಲವಾಗಿ ಬರುವುದಿಲ್ಲ, ಇಳಿಜಾರಾಗಿ ಬರುತ್ತದೆ. ಬೆನ್ನಿನ ಕಡೆಯ ತುದಿ ಮೇಲೆ, ಎದೆಯ ಕಡೆಯದು ಕೆಳಗೆ. ನಡುವಿನ ಭಾಗ ಇನ್ನೂ ಕೆಳಗೆ ಜೋತಿರುತ್ತದೆ. ಈ ಇಳಿಜಾರು ಇರುವುದರಿಂದಲೇ ಉಸಿರಾಟ ಸಾಧ್ಯ. ಇಳಿದದ್ದನ್ನು ಎತ್ತಿದರೆ ತಾನೇ ಒಳಗೆ ಜಾಗ ಹೆಚ್ಚುವುದು?

ಎತ್ತುವ ರೀತಿ ಮೇಲೊಂದು ತರ, ಕೆಳಗೊಂದು ತರ. ಮೇಲಿನ ಪಕ್ಕೆಲುಬುಗಳು ಬೀದಿಯ ಕೈಪಂಪಿನ ಹಿಡಿಯಂತೆ ಏಳುತ್ತವೆ. ಹಿಂದೆ ಕೀಲು, ಮುಂದಿನ ತುದಿ ಮೇಲಕ್ಕೂ ಮುಂದಕ್ಕೂ ಹೋಗಿ ಎದೆಮೂಳೆಯನ್ನು ಮುಂದೂಡುತ್ತದೆ. ಕೆಳಗಿನವು ಬಕೆಟ್ಟಿನ ಹಿಡಿಯಂತೆ. ಎರಡೂ ತುದಿ ಇದ್ದಲ್ಲೇ ಇರುತ್ತವೆ, ನಡುವಿನ ಬಾಗು ಹೊರಕ್ಕೆ ಏಳುತ್ತದೆ. ವೈದ್ಯ ವಿದ್ಯಾರ್ಥಿಗಳಿಗೆ ಕಲಿಸುವುದೂ ಇವೇ ಎರಡು ಹಿಡಿಗಳ ಮೂಲಕ. ಪರೀಕ್ಷಿಸಿ ನೋಡಲು ಯಾವ ಉಪಕರಣವೂ ಬೇಡ. ಒಂದು ಅಂಗೈಯನ್ನು ಎದೆಯ ಮೇಲ್ಭಾಗದ ನಡುವೆ ಇಡಿ, ಇನ್ನೊಂದನ್ನು ಕಂಕುಳ ಕೆಳಗೆ, ಪಕ್ಕೆಯ ತಳದಲ್ಲಿಡಿ. ದೀರ್ಘವಾಗಿ ಉಸಿರೆಳೆದರೆ ಮೇಲಿನ ಕೈ ಮುಂದಕ್ಕೆ, ಪಕ್ಕೆಯ ಕೈ ಹೊರಕ್ಕೆ ಸರಿಯುವುದು ಚೆನ್ನಾಗಿ ಗೊತ್ತಾಗುತ್ತದೆ.

ಆರಾಮಾಗಿ ಕೂತಾಗ ಉಸಿರೆಳೆಯುವ ಬಹುಪಾಲು ಕೆಲಸ ವಪೆಯದು. ಎದೆಗೂ ಹೊಟ್ಟೆಗೂ ನಡುವೆ ಹರಡಿಕೊಂಡ ಈ ಸ್ನಾಯು ಕೆಳಗಿನ ಪಕ್ಕೆಲುಬುಗಳಿಂದಲೇ ಹೊರಡುತ್ತದೆ. ಅದು ಕುಗ್ಗಿ ಕೆಳಗಿಳಿದಾಗ ಹೊಟ್ಟೆ ಉಬ್ಬುತ್ತದೆ. ಪಕ್ಕೆಲುಬುಗಳ ನಡುವೆ ಮೂರು ಪದರ ಸ್ನಾಯುಗಳಿವೆ, ಹೊರಪದರ ಎಲುಬನ್ನು ಎತ್ತುತ್ತದೆ. ಉಸಿರು ಬಿಡುವಾಗ ಸಾಮಾನ್ಯವಾಗಿ ಯಾವ ಸ್ನಾಯುವೂ ದುಡಿಯಬೇಕಿಲ್ಲ. ಹಿಗ್ಗಿದ ಶ್ವಾಸಕೋಶ ಮತ್ತು ತಿರುಚಿದ ಮೃದ್ವಸ್ಥಿ ತಾವಾಗಿಯೇ ಮೊದಲಿನ ಸ್ಥಿತಿಗೆ ಮರಳುತ್ತವೆ. ಕೆಮ್ಮುವಾಗ, ಓಡುವಾಗ, ದೀಪ ಆರಿಸುವಾಗ ಮಾತ್ರ ಒಳಪದರದ ಸ್ನಾಯುಗಳು ಪಕ್ಕೆಲುಬನ್ನು ಕೆಳಕ್ಕೆಳೆಯುತ್ತವೆ.

ವರ್ಷಗಟ್ಟಲೆ ಬೀಡಿ ಸಿಗರೇಟು ಸೇದಿದವರಲ್ಲಿ, ಹೊಗೆ ತುಂಬಿದ ಅಡುಗೆಮನೆಯಲ್ಲಿ ಸೌದೆ ಒಲೆಯ ಮುಂದೆ ಬದುಕು ಕಳೆದ ಹೆಂಗಸರಲ್ಲಿ ಈ ಯಂತ್ರ ಕೆಡುವ ಬಗೆ ನೋಡಿದರೆ ಸಂಕಟವಾಗುತ್ತದೆ. ಶ್ವಾಸನಾಳ ಕಿರಿದಾಗಿ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ಎದೆ ಸದಾ ಉಬ್ಬಿದಂತೆಯೇ ಉಳಿಯುತ್ತದೆ, ಪಕ್ಕೆಲುಬುಗಳ ಇಳಿಜಾರು ಹೋಗಿ ಅಡ್ಡಡ್ಡವಾಗುತ್ತವೆ. ಆಗಲೇ ಎದ್ದು ನಿಂತಿರುವ ಹಿಡಿಯನ್ನು ಇನ್ನೆಷ್ಟು ಎತ್ತಲಾದೀತು? ಒಂದೊಂದು ಉಸಿರಿಗೂ ಕತ್ತಿನ ಸ್ನಾಯು ಬಿಗಿಯುವುದು, ಎರಡು ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು ಇದರಿಂದಲೇ.

ಕೂಸಿನ ಪಕ್ಕೆ ಒಳಕ್ಕೇಕೆ ಹೋಗುತ್ತದೆ?

ಹುಟ್ಟಿದ ಮಗುವಿನ ಪಕ್ಕೆಲುಬಿಗೂ ಇಳಿಜಾರು ಇರುವುದಿಲ್ಲ. ಬಹುಮಟ್ಟಿಗೆ ಅಡ್ಡವಾಗಿಯೇ ಇರುತ್ತವೆ. ಎಲುಬಿನ ಪಾಲು ಕಡಿಮೆ, ಮೃದ್ವಸ್ಥಿಯ ಪಾಲು ಹೆಚ್ಚು. ಹಾಗಾಗಿ ಪಕ್ಕೆ ಅಗಲಿಸಿ ಉಸಿರಾಡುವುದು ಅದಕ್ಕೆ ಬಾರದು, ವಪೆಯೊಂದೇ ಆಧಾರ. ಮಲಗಿದ ಹಸುಗೂಸಿನ ಹೊಟ್ಟೆ ಅಷ್ಟು ಚೆಂದವಾಗಿ ಏರಿಳಿಯುವುದು ಇದೇ ಕಾರಣಕ್ಕೆ. ಮಗು ಎದ್ದು ನಿಂತು, ನಡೆದು, ಬೆಳೆದಂತೆಲ್ಲ ಪಕ್ಕೆಲುಬುಗಳ ಮುಂತುದಿ ಕೆಳಗಿಳಿದು ದೊಡ್ಡವರ ಆಕಾರ ಬರುತ್ತದೆ.

ನ್ಯುಮೋನಿಯಾ ಬಂದಾಗ ಶ್ವಾಸಕೋಶ ಬಿಗಿಯಾಗುತ್ತದೆ, ಹಿಗ್ಗಲು ಒಪ್ಪುವುದಿಲ್ಲ. ವಪೆ ಇನ್ನಷ್ಟು ಜೋರಾಗಿ ಎಳೆಯುತ್ತದೆ. ದೊಡ್ಡವರ ಗಟ್ಟಿ ಪಕ್ಕೆಲುಬು ಆ ಸೆಳೆತ ತಡೆದುಕೊಂಡೀತು. ಕೂಸಿನ ಮೆದು ಪಕ್ಕೆ ತಡೆಯಲಾರದೆ ಒಳಕ್ಕೆ ಜಗ್ಗಿಕೊಳ್ಳುತ್ತದೆ. ನರ್ಸಮ್ಮ ಹುಡುಕುವುದು ಈ ಸೆಳೆತವನ್ನು. ಜತೆಗೆ ಎಣಿಕೆಯ ಗಡಿಯೂ ಇದೆ. ಎರಡು ತಿಂಗಳೊಳಗಿನ ಮಗುವಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದವರೆಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರೆಗೆ 40 ಅಥವಾ ಹೆಚ್ಚು ಉಸಿರು ಕಂಡರೆ ಅದು ವೇಗದ ಉಸಿರಾಟ. ಮಗು ಅಳುತ್ತಿರುವಾಗ ಎಣಿಸಬಾರದು. ಇಷ್ಟನ್ನು ಪ್ರತಿ ಮನೆಯವರೂ ಕಲಿತಿರಬೇಕೆಂದು ನನ್ನ ಆಸೆ. ಕೆಮ್ಮಿನ ಸಿರಪ್ಪು ಬದಲಾಯಿಸುತ್ತ ಕಳೆಯುವ ಒಂದು ರಾತ್ರಿ ಕೂಸಿಗೆ ಬಹಳ ದುಬಾರಿಯಾಗುತ್ತದೆ.

ಹೆಡೆ, ರೆಕ್ಕೆ, ಚಿಪ್ಪು

ಪಕ್ಕೆಲುಬು ಮನುಷ್ಯನ ಸ್ವತ್ತೇನಲ್ಲ. ಪ್ರಕೃತಿ ಇದೊಂದು ಎಲುಬನ್ನು ಬಳಸಿಕೊಂಡಿರುವ ಪರಿ ನೋಡಿದರೆ ಬೆರಗಾಗುತ್ತದೆ. ನಾಗರಹಾವಿನ ಹೆಡೆ ಎಂದರೆ ಏನು? ಕುತ್ತಿಗೆ ಭಾಗದ ಉದ್ದನೆಯ ಪಕ್ಕೆಲುಬುಗಳನ್ನು ಹಾವು ಹೊರಕ್ಕೆ ಬಿಡಿಸುತ್ತದೆ, ಮೇಲಿನ ಸಡಿಲ ಚರ್ಮ ಅಗಲವಾಗಿ ಹರಡಿಕೊಳ್ಳುತ್ತದೆ. ಕೋಪ ಇಳಿದ ಮೇಲೆ ಮಡಚಿಕೊಳ್ಳುತ್ತದೆ. ಆಮೆಯ ಬೆನ್ನಿನ ಚಿಪ್ಪು ಅಗಲಗೊಂಡು ಬೆಸೆದ ಪಕ್ಕೆಲುಬು ಮತ್ತು ಕಶೇರುಮಣಿಗಳಿಂದಲೇ ಆದದ್ದು. ಆಮೆ ಚಿಪ್ಪಿನಿಂದ ಹೊರಬರಲಾರದು, ಅದು ಅದರ ಎದೆಗೂಡು.

ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಓದಿದವರೆಲ್ಲ ಹಾರುವ ಓತಿಯ ಬೆನ್ನುಹತ್ತಿ ಕಾಡು ಸುತ್ತಿದವರೇ. ಪಶ್ಚಿಮ ಘಟ್ಟದ ಕಾಡು, ಅಡಿಕೆ ತೋಟಗಳಲ್ಲಿ ಇಂದಿಗೂ ಇರುವ ಈ ಓತಿಯ ರೆಕ್ಕೆಯಲ್ಲಿ ಕೈಯ ಎಲುಬಿಲ್ಲ. ಹಕ್ಕಿಯೂ ಬಾವಲಿಯೂ ಮುಂಗಾಲನ್ನೇ ರೆಕ್ಕೆಯಾಗಿಸಿಕೊಂಡರೆ, ಇದು ನಾಲ್ಕೂ ಕಾಲನ್ನು ಮರ ಹತ್ತಲು ಉಳಿಸಿಕೊಂಡು ಕೆಲವು ಪಕ್ಕೆಲುಬುಗಳನ್ನು ಮೈಯಿಂದಾಚೆಗೆ ಉದ್ದ ಬೆಳೆಸಿಕೊಂಡಿದೆ. ಅವುಗಳ ಮೇಲೆ ತೆಳುಚರ್ಮ. ಜಿಗಿಯುವ ಹೊತ್ತಿಗೆ ಪಕ್ಕೆಯ ಸ್ನಾಯುಗಳು ಎಲುಬನ್ನು ಮುಂದಕ್ಕೆಳೆದು ಚರ್ಮ ಬಿಚ್ಚುತ್ತವೆ. ಒಂದು ಮರದಿಂದ ಇನ್ನೊಂದಕ್ಕೆ ತೇಲಿ ಹೋಗಿ ಕೂತ ಮೇಲೆ ಎಲ್ಲ ಮತ್ತೆ ಪಕ್ಕೆಗೆ ಅಂಟಿಕೊಳ್ಳುತ್ತದೆ. ನಾವು ಉಸಿರಾಡಲು ಬಳಸುವ ಅದೇ ಕೀಲಿನಿಂದ ಅದು ಗಾಳಿಯಲ್ಲಿ ತೇಲುತ್ತದೆ.

ಇನ್ನು ಕಪ್ಪೆ. ಅದಕ್ಕೆ ಹೇಳಿಕೊಳ್ಳುವಂಥ ಪಕ್ಕೆಲುಬೇ ಇಲ್ಲ. ಆದ್ದರಿಂದ ಎದೆ ಹಿಗ್ಗಿಸಿ ಗಾಳಿ ಸೆಳೆಯುವಂತಿಲ್ಲ. ಗಂಟಲ ಕೆಳಭಾಗವನ್ನು ಏರಿಳಿಸಿ ಗಾಳಿಯನ್ನು ಶ್ವಾಸಕೋಶಕ್ಕೆ ತಳ್ಳಬೇಕು. ಮಳೆಗಾಲದಲ್ಲಿ ಅಂಗಳಕ್ಕೆ ಬಂದು ಕೂತ ಕಪ್ಪೆಯ ಗಂಟಲು ಸದಾ ಪಟಪಟನೆ ಅಲುಗುವುದನ್ನು ಗಮನಿಸಿರುತ್ತೀರಿ.

ಮನುಷ್ಯರಲ್ಲೂ ಕೆಲವರಿಗೆ ಹೆಚ್ಚಿನ ಪಕ್ಕೆಲುಬು ಇರುತ್ತದೆ. ಕುತ್ತಿಗೆಯ ಏಳನೆಯ ಮಣಿಯಿಂದ ಹೊರಡುವ ಇದು ನೂರಿನ್ನೂರು ಜನರಲ್ಲಿ ಒಬ್ಬರಿಗೆ ಇದ್ದೀತು. ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. ಕೆಲವರಲ್ಲಿ ಕೈಗೆ ಹೋಗುವ ನರವನ್ನೋ ರಕ್ತನಾಳವನ್ನೋ ಒತ್ತಿ ಜೋಮು, ನೋವು ತರುತ್ತದೆ.

ಬೆರಳ ತುದಿಯ ನಕ್ಷೆ

ಗಂಟಲ ಕೆಳಗಿನ ಗುಳಿಯಲ್ಲಿ ಬೆರಳಿಟ್ಟು ಎದೆಮೂಳೆಯ ಮೇಲೆ ನಿಧಾನವಾಗಿ ಕೆಳಗೆ ಜಾರಿಸಿ. ಮೂರು ಬೆರಳಗಲ ಇಳಿಯುವಷ್ಟರಲ್ಲಿ ಒಂದು ಅಡ್ಡ ಏಣು ಸಿಗುತ್ತದೆ. ಅಲ್ಲಿಂದ ಪಕ್ಕಕ್ಕೆ ಸರಿದರೆ ಸಿಗುವುದು ಎರಡನೆಯ ಪಕ್ಕೆಲುಬು. ಮೊದಲನೆಯದು ಕೊರಳೆಲುಬಿನ ಹಿಂದೆ ಅಡಗಿರುವುದರಿಂದ ವೈದ್ಯರ ಎಣಿಕೆ ಇಲ್ಲಿಂದಲೇ ಶುರು. ಇದೇ ಮಟ್ಟದಲ್ಲಿ ಒಳಗೆ ಶ್ವಾಸನಾಳ ಎರಡಾಗಿ ಕವಲೊಡೆಯುತ್ತದೆ. ಇದರ ನೇರ ಹಿಂದೆ ಬೆನ್ನಿನಲ್ಲಿರುವುದು ನಾಲ್ಕು ಮತ್ತು ಐದನೆಯ ಮಣಿಗಳ ನಡುವಿನ ಡಿಸ್ಕ್. ಎಡಕ್ಕೆ, ಐದನೆಯ ಪಕ್ಕೆಲುಬಿನ ಕೆಳಗಿನ ಸಂದಿಯಲ್ಲಿ ಹೃದಯದ ತುದಿಯ ಬಡಿತ ಕೈಗೆ ತಾಗುತ್ತದೆ. ಇಸಿಜಿ ತೆಗೆಯುವಾಗ ಟೆಕ್ನಿಷಿಯನ್ ಎದೆಯ ಮೇಲೆ ಬೆರಳಿಟ್ಟು ಸಂದಿ ಎಣಿಸುವುದು ಈ ನಕ್ಷೆಯ ಮೇಲೆಯೇ.

ಪ್ರತಿ ಪಕ್ಕೆಲುಬಿನ ಕೆಳಅಂಚಿನ ಒಳಬದಿಯಲ್ಲಿ ಒಂದು ಸಣ್ಣ ಕಾಲುವೆಯಿದೆ. ಅದರಲ್ಲಿ ಮೇಲಿನಿಂದ ಕೆಳಕ್ಕೆ ಅಭಿಧಮನಿ, ಅಪಧಮನಿ, ನರ ಸಾಲಾಗಿ ಸಾಗುತ್ತವೆ. ಎದೆಯಲ್ಲಿ ನೀರು ತುಂಬಿದಾಗ ವೈದ್ಯರು ಸೂಜಿ ಚುಚ್ಚುವುದನ್ನು ನೋಡಿದ್ದರೆ, ಮೊದಲು ಬೆರಳಿನಿಂದ ಪಕ್ಕೆಲುಬಿನ ಮೇಲಂಚನ್ನು ಹುಡುಕಿ ಅದಕ್ಕೆ ಒತ್ತಿಕೊಂಡೇ ಸೂಜಿ ಇಳಿಸುವುದು ಗಮನಕ್ಕೆ ಬಂದಿರಬಹುದು. ಕೆಳಅಂಚಿಗೆ ಹೋದರೆ ರಕ್ತನಾಳ, ನರಕ್ಕೆ ಪೆಟ್ಟಾಗುತ್ತದೆ.

ಈ ಎಲುಬುಗಳಿಂದ ಬೇರೆ ಉಪಕಾರಗಳೂ ಇವೆ. ವಯಸ್ಕರಲ್ಲಿ ರಕ್ತಕಣ ತಯಾರಾಗುವ ಕೆಂಪು ಮಜ್ಜೆ ಉಳಿಯುವ ಕೆಲವೇ ಜಾಗಗಳಲ್ಲಿ ಪಕ್ಕೆಲುಬು, ಎದೆಮೂಳೆ, ಕಶೇರುಮಣಿ ಸೇರಿವೆ. ಕಿವಿಯೇ ಬೆಳೆಯದೆ ಹುಟ್ಟಿದ ಮಕ್ಕಳಿಗೆ ಪ್ಲಾಸ್ಟಿಕ್ ಸರ್ಜನ್ನರು ಪಕ್ಕೆಯ ಮೃದ್ವಸ್ಥಿ ಕೆತ್ತಿ ಹೊಸ ಕಿವಿ ಮಾಡಿಕೊಡುತ್ತಾರೆ. ಗುರುತು ಸಿಗದ ಅಸ್ಥಿಪಂಜರದ ವಯಸ್ಸು ಅಂದಾಜಿಸಲು ವಿಧಿವಿಜ್ಞಾನ ತಜ್ಞರು ನಾಲ್ಕನೆಯ ಪಕ್ಕೆಲುಬಿನ ಮುಂತುದಿಯನ್ನು ಪರೀಕ್ಷಿಸುತ್ತಾರೆ.

ಸರ್ಪ ಸುತ್ತುವ ದಾರಿ

ಪಕ್ಕೆಲುಬಿನ ಕೆಳಗಿನ ಆ ನರ ಬೆನ್ನುಹುರಿಯಿಂದ ಹೊರಟು, ಮೈಯ ಅರ್ಧಭಾಗವನ್ನು ಪಟ್ಟಿಯಂತೆ ಬಳಸಿ ಮುಂದಿನ ನಡುರೇಖೆಯಲ್ಲಿ ನಿಲ್ಲುತ್ತದೆ. ನಾಲ್ಕನೆಯ ಮಣಿಯ ನರ ಮೊಲೆತೊಟ್ಟಿನ ಮಟ್ಟಕ್ಕೆ, ಹತ್ತನೆಯದು ಹೊಕ್ಕುಳ ಮಟ್ಟಕ್ಕೆ ಬರುತ್ತದೆ. ಈ ಕಾಣದ ಪಟ್ಟಿಗಳನ್ನು ಕಣ್ಣಿಗೆ ಕಾಣಿಸುವ ರೋಗ ಸರ್ಪಸುತ್ತು.

ಚಿಕ್ಕಂದಿನಲ್ಲಿ ಸಿಡುಬಿನಂತೆ ಗುಳ್ಳೆಯೆದ್ದು ಬಂದುಹೋದ ಚಿಕನ್‌ಪಾಕ್ಸಿನ ವೈರಾಣು ಪೂರ್ತಿ ಹೋಗಿರುವುದಿಲ್ಲ. ಬೆನ್ನುಹುರಿಯ ಪಕ್ಕದ ನರದ ಗಂಟಿನಲ್ಲಿ ದಶಕಗಟ್ಟಲೆ ಅಡಗಿರುತ್ತದೆ. ವಯಸ್ಸಾಗಿಯೋ ಕಾಯಿಲೆಯಿಂದಲೋ ಮೈಯ ಪ್ರತಿರೋಧ ಕುಗ್ಗಿದಾಗ ಎಚ್ಚೆತ್ತು, ಆ ಒಂದು ನರದ ಗುಂಟವೇ ಚರ್ಮಕ್ಕೆ ಬರುತ್ತದೆ. ಹಾಗಾಗಿ ಗುಳ್ಳೆಗಳು ಒಂದೇ ಪಕ್ಕದಲ್ಲಿ, ಸಾಲಾಗಿ, ಬೆನ್ನಿನಿಂದ ಎದೆಗೆ ಏಳುತ್ತವೆ. ಸರ್ಪದ ತಲೆ ಬಾಲ ಕೂಡಿದರೆ ಸಾವು ಖಚಿತ ಎಂಬ ಭಯ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಒಂದು ಪಕ್ಕದ ನರ ನಡುರೇಖೆಯಲ್ಲೇ ಮುಗಿಯುವುದರಿಂದ ಸಾಮಾನ್ಯವಾಗಿ ಅದು ಸುತ್ತು ಪೂರೈಸುವುದೇ ಇಲ್ಲ. ಎರಡೂ ಪಕ್ಕಕ್ಕೆ ಬಂದರೆ ಪ್ರತಿರೋಧ ಶಕ್ತಿ ಬಹಳ ಕುಗ್ಗಿರುವ ಸೂಚನೆಯೆಂದು ತಿಳಿದು ವೈದ್ಯರನ್ನು ಕಾಣಬೇಕು.

ಭಯಪಡಬೇಕಾದದ್ದು ತಡವಾಗುವುದಕ್ಕೆ. ಗುಳ್ಳೆ ಎದ್ದ 72 ಗಂಟೆಯೊಳಗೆ ವೈರಾಣು ನಿರೋಧಕ ಮಾತ್ರೆ ಶುರುವಾದರೆ ಪರಿಣಾಮ ಚೆನ್ನಾಗಿರುತ್ತದೆ. ಆ ಮೂರು ದಿನ ಮಂತ್ರ ಹಾಕಿಸುವುದರಲ್ಲಿ, ಲೇಪ ಬಳಿಯುವುದರಲ್ಲಿ ಕಳೆದುಹೋಗುತ್ತದೆ. ಗುಳ್ಳೆ ಒಣಗಿದ ಮೇಲೂ ತಿಂಗಳುಗಟ್ಟಲೆ, ಬಟ್ಟೆ ಸೋಕಿದರೂ ಉರಿಯುವಂಥ ನೋವು ವಯಸ್ಸಾದವರಲ್ಲಿ ಉಳಿದುಬಿಡಬಹುದು. ಗುಳ್ಳೆ ಕಾಣುವ ಎರಡು ಮೂರು ದಿನ ಮೊದಲೇ ನೋವು ಶುರುವಾಗುವುದರಿಂದ ಅದನ್ನು ಹೃದಯದ್ದೋ ಪಿತ್ತಕೋಶದ್ದೋ ಎಂದು ತಿಳಿಯುವುದೂ ಉಂಟು. ಪಕ್ಕೆಲುಬು ಮತ್ತು ಮೃದ್ವಸ್ಥಿ ಸೇರುವಲ್ಲಿ ಊತ ಬಂದಾಗಲೂ ಎದೆನೋವು ಬರುತ್ತದೆ, ಆ ಜಾಗ ಒತ್ತಿದರೆ ನೋವು ಹೆಚ್ಚುತ್ತದೆ. ಹಾಗೆಂದು ಎದೆನೋವನ್ನು ಮನೆಯಲ್ಲೇ ಒತ್ತಿ ನೋಡಿ ಸುಮ್ಮನಾಗುವಂತಿಲ್ಲ. ಹೃದಯದ್ದಲ್ಲ ಎಂದು ಇಸಿಜಿ ಹೇಳಲಿ.

ಮುರಿದಾಗ ಕಟ್ಟಬೇಡಿ

ಸ್ನಾನದ ಮನೆಯಲ್ಲಿ ಜಾರಿ ಬಿದ್ದರೆ, ಸ್ಕೂಟರಿನಿಂದ ಉರುಳಿದರೆ ಹೆಚ್ಚಾಗಿ ಮುರಿಯುವುದು ನಡುವಿನ ಪಕ್ಕೆಲುಬುಗಳು. ಎಡಗಡೆ ಕೆಳಗಿನವು ಮುರಿದರೆ ಗುಲ್ಮ, ಬಲಗಡೆಯವು ಮುರಿದರೆ ಯಕೃತ್ತು ಹರಿದಿರಬಹುದೆಂದು ವೈದ್ಯರು ಹೊಟ್ಟೆಯನ್ನೂ ಸ್ಕ್ಯಾನ್ ಮಾಡಿಸುತ್ತಾರೆ. ಮಕ್ಕಳ ಪಕ್ಕೆಲುಬು ಬಾಗುತ್ತದೆ, ಸುಲಭಕ್ಕೆ ಮುರಿಯದು. ಎಲುಬು ಸರಿಯಾಗಿದ್ದರೂ ಒಳಗಿನ ಶ್ವಾಸಕೋಶ ಜಜ್ಜಿರಬಹುದು. ಅಕ್ಕಪಕ್ಕದ ಮೂರು ಅಥವಾ ಹೆಚ್ಚು ಪಕ್ಕೆಲುಬು ಎರಡೆರಡು ಕಡೆ ಮುರಿದರಂತೂ ಆ ತುಂಡು ಉಳಿದ ಎದೆಗೆ ತದ್ವಿರುದ್ಧವಾಗಿ ಚಲಿಸುತ್ತದೆ, ಎದೆ ಉಬ್ಬಿದಾಗ ಅದು ಒಳಕ್ಕೆ ಹೋಗುತ್ತದೆ. ಅದು ಜೀವಕ್ಕೇ ಅಪಾಯ.

ಮುರಿದ ಕೈಗೆ ಪಟ್ಟು ಹಾಕುತ್ತೇವೆ, ಆದ್ದರಿಂದ ಮುರಿದ ಪಕ್ಕೆಗೂ ಎದೆ ಸುತ್ತ ಬಿಗಿಯಾಗಿ ಬಟ್ಟೆ ಕಟ್ಟಬೇಕೆಂದು ಅನೇಕರು ತಿಳಿದಿದ್ದಾರೆ. ಹಿಂದೆ ಆಸ್ಪತ್ರೆಗಳಲ್ಲೂ ಹಾಗೆ ಮಾಡುತ್ತಿದ್ದರು, ಆಮೇಲೆ ಕೈಬಿಟ್ಟರು. ಎದೆ ಕಟ್ಟಿದರೆ ಉಸಿರು ಆಳಕ್ಕಿಳಿಯುವುದಿಲ್ಲ, ಕಫ ಹೊರಬರುವುದಿಲ್ಲ, ಒಂದು ವಾರದೊಳಗೆ ನ್ಯುಮೋನಿಯಾ ಹತ್ತಬಹುದು. ವಯಸ್ಸಾದವರ ಪ್ರಾಣಕ್ಕೆ ಎರವಾಗುವುದು ಹೆಚ್ಚಾಗಿ ಮುರಿದ ಎಲುಬಲ್ಲ, ಆ ಕಫ. ಚಿಕಿತ್ಸೆಯ ತಿರುಳು ಇಷ್ಟೇ: ನೋವು ಚೆನ್ನಾಗಿ ತಗ್ಗಿಸಬೇಕು, ರೋಗಿ ಆಳವಾಗಿ ಉಸಿರಾಡಬೇಕು, ಮುರಿದ ಜಾಗಕ್ಕೆ ದಿಂಬು ಒತ್ತಿ ಹಿಡಿದು ಕೆಮ್ಮಬೇಕು, ಎದ್ದು ಓಡಾಡಬೇಕು. ಸುಮಾರು ಆರು ವಾರದಲ್ಲಿ ಎಲುಬು ತಾನೇ ಕೂಡುತ್ತದೆ, ಅಲುಗಾಡುತ್ತಲೇ ಕೂಡುತ್ತದೆ.

ಹೃದಯ ನಿಂತವರ ಎದೆ ಒತ್ತುವಾಗಲೂ ಇದೇ ಸ್ಥಿತಿಸ್ಥಾಪಕತೆ ನೆರವಿಗೆ ಬರುತ್ತದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಸಂಶೋಧಕರು 1960ರಲ್ಲಿ ಪ್ರಕಟಿಸಿದ ಈ ವಿಧಾನದಲ್ಲಿ ಎದೆಮೂಳೆಯನ್ನು ಈಗ 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಹಾಗೆ ಒತ್ತುವಾಗ ಪಕ್ಕೆಲುಬು ಮುರಿದ ಸದ್ದು ಕೇಳಿಸಬಹುದು. ಕೈ ಸರಿಯಾದ ಜಾಗದಲ್ಲಿದೆಯೇ ನೋಡಿಕೊಂಡು ಒತ್ತುತ್ತಲೇ ಇರಿ. ಎಲುಬು ಆಮೇಲೆ ಕೂಡುತ್ತದೆ.

ಮಲೆನಾಡು, ಕರಾವಳಿಯಲ್ಲಿ ಅಡಿಕೆ, ತೆಂಗಿನ ಮರದಿಂದ ಬಿದ್ದವರ ಕಥೆ ಬೇರೆ. ಪಕ್ಕೆಗಳ ಬಿಗಿಹಿಡಿತದಲ್ಲಿರುವ ಬೆನ್ನು ಮುಗಿದು ಸಡಿಲವಾಗಿ ಬಗ್ಗುವ ಸೊಂಟ ಶುರುವಾಗುವ ಜಾಗ, ಅಂದರೆ ಹನ್ನೆರಡನೆಯ ಮಣಿ ಮತ್ತು ಸೊಂಟದ ಮೊದಲ ಮಣಿ, ಬೀಳುವ ಭಾರಕ್ಕೆ ಮೊದಲು ಕುಸಿಯುತ್ತವೆ. ಬೆನ್ನುಹುರಿ ಮುಗಿಯುವುದೂ ಅಲ್ಲೇ ಆಸುಪಾಸಿನಲ್ಲಿ. ಬಿದ್ದವರನ್ನು ಕೈಕಾಲು ಹಿಡಿದು ಎತ್ತಿ ಜೀಪಿನ ಸೀಟಿನಲ್ಲಿ ಮಡಚಿ ಕೂರಿಸಿದರೆ ಆ ತನಕ ಉಳಿದಿದ್ದ ಬೆನ್ನುಹುರಿಯೂ ತುಂಡಾಗಬಹುದು. ನಾಲ್ಕೈದು ಜನ ಸೇರಿ ತಲೆ, ಬೆನ್ನು, ಸೊಂಟ ಒಂದೇ ನೇರದಲ್ಲಿ ಉಳಿಯುವಂತೆ ಹೊರಳಿಸಿ, ಹಲಗೆಯ ಮೇಲೆ ಮಲಗಿಸಿ ಸಾಗಿಸಬೇಕು. ನೆಲದಲ್ಲೇ ನಿಂತು ಕೊನೆ ಕೊಯ್ಯುವ ದೋಟಿ ಬಂದಿರುವುದು ಬೆನ್ನುಮೂಳೆಯ ದೃಷ್ಟಿಯಿಂದ ಬಹು ದೊಡ್ಡ ಉಪಕಾರ.

ಬಾಗಿದ ಬೆನ್ನು

ಎದೆಯ ಭಾಗದ ಬೆನ್ನು ಸಹಜವಾಗಿಯೇ ಸ್ವಲ್ಪ ಹಿಂದಕ್ಕೆ ಬಾಗಿದೆ. 20ರಿಂದ 40 ಡಿಗ್ರಿ ಬಾಗು ಎಲ್ಲರಿಗೂ ಇರುವುದೇ. ಅಜ್ಜಿಯಂದಿರಲ್ಲಿ ಅದು ವರ್ಷದಿಂದ ವರ್ಷಕ್ಕೆ ಹೆಚ್ಚುವುದನ್ನು ನಾವು ವಯಸ್ಸಿನ ಲೆಕ್ಕಕ್ಕೆ ಬರೆದುಬಿಡುತ್ತೇವೆ. ಅನೇಕ ಸಂದರ್ಭಗಳಲ್ಲಿ ಅಲ್ಲಿ ನಡೆದಿರುವುದು ಎಲುಬು ಮುರಿತ. ಮುಟ್ಟು ನಿಂತ ಮೇಲೆ ಎಲುಬು ಟೊಳ್ಳಾಗುತ್ತ ಬರುತ್ತದೆ. ನೀರಿನ ಕೊಡ ಎತ್ತಿದಾಗ, ಜೋರಾಗಿ ಸೀನಿದಾಗ ಕೂಡ ಮಣಿಯ ಮುಂಭಾಗ ಕುಸಿಯಬಹುದು. ಹಿಂಭಾಗ ಹಾಗೇ ನಿಂತಿರುವುದರಿಂದ ಮಣಿ ಮುಂದಕ್ಕೆ ಇಳಿಜಾರಾಗುತ್ತದೆ. ಹೀಗೆ ಎರಡು ಮೂರು ಮಣಿ ಕುಸಿದರೆ ಬೆನ್ನು ಬಾಗುತ್ತದೆ, ಎತ್ತರ ಕಡಿಮೆಯಾಗುತ್ತದೆ, ಕೆಳಗಿನ ಪಕ್ಕೆಲುಬು ಸೊಂಟದ ಎಲುಬಿಗೆ ತಾಗುವಷ್ಟು ಕೆಳಗಿಳಿಯುತ್ತದೆ. ಅವರಿಗೆ ನಾಲ್ಕು ತುತ್ತಿಗೇ ಹೊಟ್ಟೆ ತುಂಬುವುದು, ಉಸಿರು ಸಾಲದಾಗುವುದು ಈ ಕಾರಣಕ್ಕೆ. ಮೊದಲ ಮಣಿ ಕುಸಿದಾಗಲೇ ಗುರುತಿಸಿದರೆ ಮುಂದಿನದನ್ನು ತಡೆಯುವ ಔಷಧಗಳಿವೆ. ಹಠಾತ್ತನೆ ಬಂದ ಬೆನ್ನುನೋವನ್ನು ಎಣ್ಣೆ ತಿಕ್ಕಿ ಸುಮ್ಮನಾಗಿಸುವ ಬದಲು ಒಂದು ಎಕ್ಸ್‌ರೇ ತೆಗೆಸುವುದು ಮಗ, ಸೊಸೆಯರ ಜವಾಬ್ದಾರಿ. ರಾಗಿಯ 100 ಗ್ರಾಮಿನಲ್ಲಿ 300 ಮಿಲಿಗ್ರಾಮಿಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಮುದ್ದೆ ಉಂಡು ಬಿಸಿಲಲ್ಲಿ ದುಡಿಯುವುದು ಎಲುಬಿಗೆ ಒಳ್ಳೆಯದೇ, ಆದರೆ ಈಗಾಗಲೇ ಟೊಳ್ಳಾದ ಎಲುಬಿಗೆ ಅಷ್ಟೇ ಸಾಲದು.

ಶಾಲೆಗೆ ಹೋಗುವ ಹುಡುಗಿಯರಲ್ಲಿ ಕೆಲವೊಮ್ಮೆ ಬೆನ್ನು ಪಕ್ಕಕ್ಕೆ ಬಾಗುತ್ತದೆ. ಮಣಿಗಳು ಬಾಗುವುದರ ಜತೆಗೆ ತಿರುಚಿಕೊಳ್ಳುವುದರಿಂದ ಪಕ್ಕೆಲುಬುಗಳೂ ತಿರುಗಿ ಬೆನ್ನಿನ ಒಂದು ಪಕ್ಕ ಉಬ್ಬುತ್ತದೆ. ಮಗಳು ಕಾಲು ಜೋಡಿಸಿ ಮುಂದಕ್ಕೆ ಬಗ್ಗಿದಾಗ ಹಿಂದಿನಿಂದ ನೋಡಿದರೆ ಆ ಉಬ್ಬು ಕಾಣುತ್ತದೆ. ಭಾರದ ಸ್ಕೂಲ್ ಬ್ಯಾಗಿನಿಂದ ಇದು ಬರುವುದಿಲ್ಲ.

ಚೂಪಾದ ಗೂನಿನ ವಿಷಯಕ್ಕೆ ಬಂದರೆ ನಮ್ಮ ದೇಶದಲ್ಲಿ ಮೊದಲು ನೆನೆಯಬೇಕಾದದ್ದು ಕ್ಷಯ. ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1779ರಲ್ಲಿ ಬೆನ್ನು ಗೂನಾಗಿ ಕಾಲು ಸೋತವರ ಬಗ್ಗೆ ಬರೆದ. ಅದಕ್ಕೆ ಕಾರಣವಾದ ರೋಗಾಣುವನ್ನು ರಾಬರ್ಟ್ ಕಾಕ್ ಗುರುತಿಸಿದ್ದು ನೂರು ವರ್ಷದ ನಂತರ, 1882ರಲ್ಲಿ. ಕ್ಷಯವೆಂದರೆ ಕೆಮ್ಮು ಎಂದೇ ನಾವು ತಿಳಿದಿರುವುದರಿಂದ ಕೆಮ್ಮಿಲ್ಲದೆ ಬೆನ್ನಿಗೆ ಬರುವ ಕ್ಷಯ ಕಣ್ತಪ್ಪಿಸಿಕೊಳ್ಳುತ್ತದೆ. ರೋಗಾಣು ರಕ್ತದ ಮೂಲಕ ಬಂದು ಹೆಚ್ಚಾಗಿ ಎದೆ ಮತ್ತು ಸೊಂಟದ ಮಣಿಗಳಲ್ಲಿ ನೆಲೆಯೂರುತ್ತದೆ. ಅಕ್ಕಪಕ್ಕದ ಎರಡು ಮಣಿ ಮುಂಭಾಗದಲ್ಲಿ ಕರಗಿ ಕುಸಿದಾಗ ಬೆನ್ನಿನಲ್ಲಿ ಮುಳ್ಳೊಂದು ಎದ್ದು ನಿಲ್ಲುತ್ತದೆ. ಎದೆಯ ಭಾಗದಲ್ಲಿ ಬೆನ್ನುಹುರಿಯ ದಾರಿ ಇಕ್ಕಟ್ಟೆಂದು ಆಗಲೇ ಹೇಳಿದೆ. ಅಲ್ಲಿ ಸ್ವಲ್ಪ ಕೀವು ತುಂಬಿದರೂ ಎರಡು ಕಾಲೂ ಬಲ ಕಳೆದುಕೊಳ್ಳುತ್ತವೆ.

ವಾರಗಟ್ಟಲೆ ಬಿಡದ ನಡುಬೆನ್ನಿನ ನೋವು, ರಾತ್ರಿ ಮಲಗಿದಾಗಲೂ ಕಾಡುವುದು, ಸಂಜೆಯ ಸಣ್ಣ ಜ್ವರ, ತೂಕ ಇಳಿಯುವುದು, ಮುಳ್ಳಿನ ಮೇಲೆ ಬೆರಳೊತ್ತಿದರೆ ನೋವು, ನಡೆಯುವಾಗ ಕಾಲು ತೊಡರುವುದು ಕಂಡರೆ ಎಂಆರ್‌ಐಗೆ ತಡಮಾಡಬಾರದು. ಹಿಂದೆ ಇದಕ್ಕೆ ವರ್ಷಗಟ್ಟಲೆ ಹಾಸಿಗೆಯೇ ಗತಿ ಎಂಬಂತಿತ್ತು. 1970ರ ದಶಕದಲ್ಲಿ ಭಾರತದ ಮೂಳೆತಜ್ಞ ಡಾ. ಎಸ್.ಎಂ. ತುಲಿ ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಡ, ಔಷಧದಿಂದ ಶುರುಮಾಡಿ ಬೇಕಾದವರಿಗೆ ಮಾತ್ರ ಕತ್ತರಿ ಹಿಡಿದರೆ ಸಾಕು ಎಂಬ ನಡುದಾರಿಯ ಕ್ರಮವನ್ನು ಫಲಿತಾಂಶ ಸಮೇತ ಮುಂದಿಟ್ಟರು, ಬಹಳಷ್ಟು ರೋಗಿಗಳು ಹಾಗೆಯೇ ಗುಣವಾದರು. ಇಂದು ಒಂದು ವರ್ಷ, ಕೆಲವರಿಗೆ ಅದಕ್ಕೂ ಹೆಚ್ಚು ಕಾಲ ಮಾತ್ರೆ ನುಂಗಬೇಕಾಗುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಆ ಮಾತ್ರೆಗೆ ಹಣ ಕೊಡಬೇಕಿಲ್ಲ. ನೋವು ಎರಡೇ ತಿಂಗಳಲ್ಲಿ ಇಳಿದುಬಿಡಬಹುದು, ಒಳಗಿನ ಮಣಿ ಗಟ್ಟಿಯಾಗಲು ಇನ್ನೂ ಬಹಳ ಕಾಲ ಬೇಕು. ಮಾತ್ರೆ ನಿಲ್ಲಿಸುವ ದಿನವನ್ನು ರೋಗಿ ತಾನೇ ಗೊತ್ತುಮಾಡಿಕೊಳ್ಳದೆ ವೈದ್ಯರಿಗೆ ಬಿಡಬೇಕು.